ಮನೆಸಾಮಾನು ಹಡಗೇರುವ ಮುನ್ನ



ಬೇಸಿಗೆ ಕಾಲಿಡುವ ಹೊತ್ತಿಗೆ ನಮ್ಮ ಸೀಮೆಯಲ್ಲಿ ಅಂತರಘಟ್ಟೆಯ ಜಾತ್ರೆ. ಕಡೂರು, ತರೀಕೆರೆ, ಭದ್ರಾವತಿ ಕಡೆಯ ಹಳ್ಳಿಗಳಿಂದ ಪಾನಕದ ಗಾಡಿಗಳು ಸಾಲುಗಟ್ಟಿ ಹೊರಡುತ್ತವೆ. ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ನಮ್ಮ ಹಿಂದೂ ಸಹೋದರರ ಈ ಹಬ್ಬದ ದಿನಗಳಲ್ಲಿ ದಾರಿ ಬದಿಯಲ್ಲಿ ನಿಂತು ಆ ಗಾಡಿಗಳನ್ನು ನೋಡುವುದು ನನಗೊಂದು ಅಭ್ಯಾಸ. ಅಕ್ಕಿ, ಬೆಲ್ಲ, ಪಾತ್ರೆ, ಹಾಸಿಗೆಯ ಸುರುಳಿ, ಎತ್ತುಗಳಿಗೆ ಹುಲ್ಲು, ಇಷ್ಟೆಲ್ಲ ತುಂಬಿದ ಮೇಲೂ ಮಕ್ಕಳಿಗೆ ಮತ್ತು ಮುದುಕರಿಗೆ ಕೂರಲು ಜಾಗ ಉಳಿದಿರುತ್ತದೆ. ಜಾಗ ಸಾಲದಿದ್ದರೆ ಪಾತ್ರೆ ಕೆಳಗಿಳಿಯುತ್ತದೆಯೇ ಹೊರತು ಅಜ್ಜಿ ಇಳಿಯುವುದಿಲ್ಲ.

ಈಚಿನ ವರ್ಷಗಳಲ್ಲಿ ನಮ್ಮ ಕಥೋಲಿಕ ಕುಟುಂಬಗಳ ಮನೆಯಂಗಳದಲ್ಲಿ ಇನ್ನೊಂದು ಬಗೆಯ ಗಾಡಿ ನಿಲ್ಲುವುದನ್ನು ಕಾಣುತ್ತಿದ್ದೇನೆ. ಮಗಳು ನರ್ಸ್, ಅಳಿಯ ಎಂಜಿನಿಯರ್. ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ನೆಲೆಸಲು ವೀಸಾ ಸಿಕ್ಕಿದೆ. ಬೆಂಗಳೂರಿನಿಂದ ಪ್ಯಾಕಿಂಗ್ ಕಂಪನಿಯ ಲಾರಿ ಬರುತ್ತದೆ. ಒಂದೇ ದಿನದಲ್ಲಿ ಮನೆ ರಟ್ಟಿನ ಪೆಟ್ಟಿಗೆಗಳಾಗಿ ಬದಲಾಗುತ್ತದೆ. ಪೆಟ್ಟಿಗೆಗಳು ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಚೆನ್ನೈ ಬಂದರಿಗೆ ಸೇರಿ, ಹಡಗೇರಿ, ವಾರಗಟ್ಟಲೆ ಸಮುದ್ರದ ಮೇಲಿರುತ್ತವೆ. ಹೊರಡುವ ಮುನ್ನ ಜ್ಞಾನಸ್ನಾನದ ಪತ್ರಕ್ಕೂ ಆಶೀರ್ವಾದಕ್ಕೂ ನಮ್ಮ ಬಳಿ ಬರುತ್ತಾರೆ. ಮಾತಿನ ಕೊನೆಗೆ, "ಫಾದರ್, ಏನು ತಗೊಂಡು ಹೋಗೋದು, ಏನು ಬಿಡೋದು ಅಂತಲೇ ಗೊತ್ತಾಗ್ತಿಲ್ಲ" ಎನ್ನುತ್ತಾರೆ. ನಾನು ಹಡಗಿನ ಏಜೆಂಟನಲ್ಲ. ಆದರೂ ಇದು ಏಜೆಂಟನೊಬ್ಬನಿಗೇ ಬಿಡಬೇಕಾದ ಪ್ರಶ್ನೆಯಲ್ಲ ಎಂದು ನನಗೆ ತೋರುತ್ತದೆ.

ಪವಿತ್ರ ಗ್ರಂಥದಲ್ಲಿ ಇಡೀ ಸಂಸಾರವೊಂದು ಬೇರೆ ದೇಶಕ್ಕೆ ಹೋಗಿ ನೆಲೆಸಿದ ವೃತ್ತಾಂತ ವಿವರವಾಗಿ ಬರುವುದು ಆದಿಕಾಂಡದ 45 ಮತ್ತು 46ನೆಯ ಅಧ್ಯಾಯಗಳಲ್ಲಿ. ಕಾನಾನ್ ನಾಡಿನಲ್ಲಿ ಬರ. ಈಜಿಪ್ಟಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಜೋಸೆಫನು ತಂದೆ ಯಕೋಬನಿಗೂ ಅಣ್ಣತಮ್ಮಂದಿರಿಗೂ ಬರಹೇಳುತ್ತಾನೆ. ಆಗ ಫರೋಹನು ಗಾಡಿಗಳನ್ನು ಕೊಟ್ಟು ಕಳುಹಿಸುತ್ತಾನೆ. ಯಾತಕ್ಕಾಗಿ ಎಂಬುದನ್ನು ಗಮನಿಸಿ: ಮಕ್ಕಳನ್ನು, ಹೆಂಗಸರನ್ನು ಮತ್ತು ವೃದ್ಧ ತಂದೆಯನ್ನು ಕರೆತರಲು. ಮನೆಸಾಮಾನಿನ ವಿಷಯದಲ್ಲಿ ಆತ ಹೇಳಿದ್ದು ಅದರ ಚಿಂತೆ ಬೇಡವೆಂದೇ, ಈಜಿಪ್ಟಿನಲ್ಲಿ ಉತ್ತಮವಾದುದೆಲ್ಲ ನಿಮ್ಮದೇ ಎಂದು. ಆದರೂ 46ನೆಯ ಅಧ್ಯಾಯಕ್ಕೆ ಬಂದರೆ ಅವರು ದನಕರುಗಳನ್ನೂ ಸಂಪಾದಿಸಿದ ಸೊತ್ತನ್ನೂ ತೆಗೆದುಕೊಂಡೇ ಹೋಗಿದ್ದಾರೆ! ರಾಜನೇ ಬೇಡವೆಂದರೂ ಬಿಟ್ಟುಹೋಗಲು ಮನಸ್ಸು ಬಾರದ ಸಂಸಾರ ಅದು. ದೇವರು ಅದಕ್ಕಾಗಿ ಅವರನ್ನು ಗದರಿದ್ದು ಕಾಣುವುದಿಲ್ಲ. ಮಕ್ಕಳ ಮಾತನ್ನು ನಂಬದೆ ಕಲ್ಲಿನಂತೆ ಕುಳಿತಿದ್ದ ಯಕೋಬನಿಗೆ ಜೀವ ಮರಳಿದ್ದು ಆ ಗಾಡಿಗಳನ್ನು ಕಂಡಾಗ. ತನಗೂ ಅದರಲ್ಲಿ ಜಾಗವಿದೆ ಎಂದು ಅವನಿಗೆ ತಿಳಿಯಿತು.

ಇನ್ನು ನಮ್ಮ ಪೆಟ್ಟಿಗೆಗಳ ವಿಷಯ. ಹಡಗಿನ ಬಾಡಿಗೆ ಸಾಮಾನ್ಯವಾಗಿ ತೂಕದ ಮೇಲಲ್ಲ, ಸಾಮಾನು ಹಿಡಿಯುವ ಜಾಗದ ಮೇಲೆ. 20 ಅಡಿಯ ಕಂಟೇನರಿನೊಳಗೆ ಸುಮಾರು 33 ಘನ ಮೀಟರ್ ಜಾಗವಿರುತ್ತದೆ. ಅಷ್ಟು ಸಾಮಾನಿಲ್ಲದವರು ಬೇರೆಯವರೊಡನೆ ಒಂದೇ ಕಂಟೇನರನ್ನು ಹಂಚಿಕೊಳ್ಳುತ್ತಾರೆ. ಆದ್ದರಿಂದ ಹತ್ತಿ ಹಾಸಿಗೆಯನ್ನು ಕಳುಹಿಸುವುದು ಹಿತ್ತಾಳೆ ಪಾತ್ರೆ ಕಳುಹಿಸುವುದಕ್ಕಿಂತ ದುಬಾರಿ. ಕೆನಡಾದಲ್ಲಿ ವಿದ್ಯುತ್ತು 120 ವೋಲ್ಟ್, ನಮ್ಮದು 230. ಮದುವೆಯಲ್ಲಿ ಉಡುಗೊರೆ ಬಂದ ಮಿಕ್ಸಿ ಅಲ್ಲಿ ತಿರುಗುವುದಿಲ್ಲ. ಆಸ್ಟ್ರೇಲಿಯಾದಲ್ಲಾದರೆ ಪ್ಲಗ್ ಬದಲಿಸಿದರೆ ಸಾಕು. ದೋಸೆಯ ಕಬ್ಬಿಣದ ಕಾವಲಿಗೆ ಚೆನ್ನಾಗಿ ಎಣ್ಣೆ ಸವರಿ ಕಟ್ಟಿ, ಸಮುದ್ರದ ಗಾಳಿಗೆ ತುಕ್ಕು ಹಿಡಿಯುತ್ತದೆ. ಊರಿನ ಬಡಗಿಯಿಂದ ಮಾವಿನ ಹಲಗೆಯ ಪೆಟ್ಟಿಗೆ ಮಾಡಿಸಬೇಡಿ. ಪ್ಯಾಕಿಂಗಿಗೆ ಬಳಸುವ ಮರದ ತಿರುಳಿಗೂ 56 ಡಿಗ್ರಿ ಶಾಖ 30 ನಿಮಿಷ ತಾಗಿಸಿ ಮುದ್ರೆ ಒತ್ತಿರಬೇಕೆಂಬುದು ಬಹುತೇಕ ದೇಶಗಳು ಒಪ್ಪಿರುವ ನಿಯಮ. ಮರದ ಹುಳು ಗಡಿ ದಾಟಬಾರದೆಂದು.

ಇದಕ್ಕಿಂತ ಮುಖ್ಯವಾದದ್ದು ಪಟ್ಟಿ. ಪ್ರತಿ ಪೆಟ್ಟಿಗೆಗೆ ಸಂಖ್ಯೆ, ಒಳಗೇನಿದೆ, ಹೊಸದೋ ಹಳೆಯದೋ, ಬೆಲೆಯೆಷ್ಟು. ಕೆನಡಾದಲ್ಲಿ ನೆಲೆಸಲು ಹೋಗುವವರು ಮೊದಲ ಸಲ ಕಾಲಿಡುವಾಗಲೇ ಎರಡು ಪಟ್ಟಿ ಕೊಡಬೇಕು: ಜೊತೆಗೆ ತಂದದ್ದು, ಹಿಂದಿನಿಂದ ಬರಲಿರುವುದು. ಎರಡನೆಯ ಪಟ್ಟಿಯಲ್ಲಿ ಇಲ್ಲದ ವಸ್ತು ತಡವಾಗಿ ಬಂದರೆ ಅದಕ್ಕೆ ಸುಂಕ ಬೀಳಬಹುದು. ಸುಂಕವಿಲ್ಲದೆ ಬಿಟ್ಟ ಸಾಮಾನನ್ನು 12 ತಿಂಗಳೊಳಗೆ ಮಾರಿದರೆ ಸುಂಕ ತೆರಬೇಕು. ಆಸ್ಟ್ರೇಲಿಯಾದಲ್ಲಿ 12 ತಿಂಗಳು ಸ್ವಂತಕ್ಕೆ ಬಳಸಿದ ಸಾಮಾನಿಗೆ ರಿಯಾಯಿತಿ. ಈ ನಿಯಮಗಳ ಹಿಂದೆ ಇರುವ ನಂಬಿಕೆ ಒಂದೇ: ಬರುವವರು ನಿಜ ಹೇಳುತ್ತಾರೆ ಎಂಬುದು.

ನಾವು ನಿಜ ಹೇಳುತ್ತೇವೆಯೇ? ಅಂಗಡಿಯಿಂದ ನೇರ ಬಂದ ಬೆಳ್ಳಿ ಲೋಟಕ್ಕೆ 'ಬಳಸಿದ್ದು' ಎಂದು ಬರೆಯುತ್ತೇವೆ. ಅಲ್ಲಿರುವ ಸ್ನೇಹಿತನ ತಮ್ಮನಿಗೆಂದು ಯಾರೋ ಕೊಟ್ಟ ಪೊಟ್ಟಣವನ್ನು ಬಿಚ್ಚಿಯೂ ನೋಡದೆ ನಮ್ಮ ಸೀರೆಗಳ ನಡುವೆ ತುರುಕುತ್ತೇವೆ. ವಿಮೆಯ ಕಾಗದದಲ್ಲಿ ಬೆಲೆ ಏರುತ್ತದೆ, ಕಸ್ಟಮ್ಸ್ ಕಾಗದದಲ್ಲಿ ಅದೇ ವಸ್ತುವಿನ ಬೆಲೆ ಇಳಿಯುತ್ತದೆ. "ಎಲ್ಲರೂ ಹಾಗೇ ಮಾಡ್ತಾರೆ ಫಾದರ್" ಎಂಬ ಮಾತನ್ನು ಪಾಪನಿವೇದನೆಯ ಪೀಠದ ಹೊರಗೂ ಒಳಗೂ ಕೇಳಿದ್ದೇನೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥವು 2409ನೆಯ ಪರಿಚ್ಛೇದದಲ್ಲಿ ತೆರಿಗೆ ತಪ್ಪಿಸುವುದನ್ನೂ ಸುಳ್ಳು ಬಿಲ್ಲು ಸೃಷ್ಟಿಸುವುದನ್ನೂ ಏಳನೆಯ ದೈವಾಜ್ಞೆಗೆ ವಿರುದ್ಧವಾದ ಕಾರ್ಯಗಳ ಸಾಲಿನಲ್ಲೇ ಇರಿಸಿದೆ. ಕದಿಯಬೇಡ ಎಂಬ ಆಜ್ಞೆ ಸಮುದ್ರದ ನಡುವೆ ಎಲ್ಲಿಯೋ ಕೊನೆಗೊಳ್ಳುವುದಿಲ್ಲ.

ಪವಿತ್ರ ಗ್ರಂಥದಲ್ಲಿ ಕಸ್ಟಮ್ಸ್ ತಪಾಸಣೆಯಂಥ ಒಂದು ದೃಶ್ಯವೂ ಇದೆ, ಆದಿಕಾಂಡದ 31ನೆಯ ಅಧ್ಯಾಯದಲ್ಲಿ. ಯಕೋಬನು ಮಾವ ಲಾಬಾನನ ಮನೆಯಿಂದ ಸಂಸಾರ ಸಮೇತ ಹೊರಟಾಗ ರಾಖೇಲಳು ತಂದೆಯ ಕುಲದೇವತೆಗಳ ವಿಗ್ರಹಗಳನ್ನು ಯಾರಿಗೂ ಹೇಳದೆ ಎತ್ತಿಕೊಂಡಳು. ಬೆನ್ನಟ್ಟಿ ಬಂದ ಲಾಬಾನ ಒಂದೊಂದೇ ಗುಡಾರ ಜಾಲಾಡಿದ. ರಾಖೇಲಳು ಅವುಗಳನ್ನು ಒಂಟೆಯ ತಡಿಯೊಳಗೆ ಅಡಗಿಸಿ ಅದರ ಮೇಲೆಯೇ ಕುಳಿತು, ಏಳಲಾರೆನೆಂದು ನೆಪ ಹೇಳಿದಳು. ಚಿಕ್ಕವನಿದ್ದಾಗ ಈ ಭಾಗ ಕೇಳಿ ನಾವೆಲ್ಲ ನಗುತ್ತಿದ್ದೆವು. ಈಗ ಓದುವಾಗ ಅದರ ಹಿಂದಿನ ಸಾಲು ಕಣ್ಣಿಗೆ ಬೀಳುತ್ತದೆ: ಏನೂ ತಿಳಿಯದ ಯಕೋಬ, ಯಾರ ಬಳಿ ಅವು ಸಿಕ್ಕುತ್ತವೋ ಅವರು ಬದುಕಬಾರದೆಂದು ಆಣೆಯಿಟ್ಟುಬಿಟ್ಟಿದ್ದ. ಒಬ್ಬರು ಬಚ್ಚಿಟ್ಟದ್ದಕ್ಕೆ ಇನ್ನೊಬ್ಬರು ಸಹಿ ಹಾಕುತ್ತಾರೆ. ಇಂದಿಗೂ ಪಟ್ಟಿಯ ಕೆಳಗೆ ಸಹಿ ಒಬ್ಬರದು, ಪೆಟ್ಟಿಗೆ ತುಂಬಿದವರು ಮನೆಯವರೆಲ್ಲ. ಹಂಚಿಕೊಂಡ ಕಂಟೇನರಿನಲ್ಲಿ ನಿಮ್ಮ ಒಂದು ಪೆಟ್ಟಿಗೆಯ ಮೇಲೆ ಸಂಶಯ ಬಂದರೆ ಮುಖವೇ ಕಾಣದ ಇನ್ನಾರದೋ ಮಗುವಿನ ತೊಟ್ಟಿಲೂ ಬಂದರಿನಲ್ಲಿ ಕಾಯುತ್ತದೆ.

ಕೊಂಡೊಯ್ಯಲಾಗದ ವಸ್ತುಗಳ ಬಗ್ಗೆ ನಮ್ಮ ಜಿಲ್ಲೆಯವರಿಗೆ ಸ್ವಲ್ಪ ವಿಶೇಷವಾಗಿಯೇ ಹೇಳಬೇಕು. ಗೋಡೆಯ ಮೇಲಿನ ಕಡವೆ ಕೊಂಬು, ನವಿಲುಗರಿಯ ಬೀಸಣಿಗೆ ಇವು ದೇಶ ಬಿಟ್ಟು ಹೋಗುವಂತಿಲ್ಲ. ಅಜ್ಜನ ಕಾಲದ ಬೀಟೆ ಮರದ ಮಂಚ, ಬೀರು ಇರುವ ಮನೆಗಳು ಬಹಳ. ಬೀಟೆಯ ಇಡೀ ಕುಲವನ್ನೇ 2017ರ ಜನವರಿಯಿಂದ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿಸಲಾಗಿದೆ, ಆದ್ದರಿಂದ ಕಾಗದಪತ್ರ ಕೇಳಿಕೊಳ್ಳದೆ ಮಂಚ ಬಿಚ್ಚಬೇಡಿ. 100 ವರ್ಷ ದಾಟಿದ ಮರದ, ಲೋಹದ ಪ್ರತಿಮೆಗಳು 1972ರ ಪ್ರಾಚ್ಯವಸ್ತು ಕಾನೂನಿಗೆ ಒಳಪಡುತ್ತವೆ. ಅವುಗಳನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಮುತ್ತಜ್ಜ ತಂದ ಸಂತ ಸೆಬಾಸ್ಟಿಯನರ ಮರದ ಪ್ರತಿಮೆ ಈ ಲೆಕ್ಕಕ್ಕೆ ಬರಬಹುದು. ಅಷ್ಟು ಹಳೆಯದಲ್ಲ ಎಂದು ಪುರಾತತ್ವ ಇಲಾಖೆಯಿಂದ ಪ್ರಮಾಣಪತ್ರ ಪಡೆದುಕೊಳ್ಳುವುದು ಕ್ಷೇಮ.

ಆಸ್ಟ್ರೇಲಿಯಾಕ್ಕೆ ಹೋಗುವವರು ಗೋದಲಿಯ ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿ ನೋಡಿ. ಬಾಲಯೇಸುವಿನ ಕೆಳಗೆ ಹಾಸಿದ ಭತ್ತದ ಹುಲ್ಲು, ಗುಡ್ಡಕ್ಕೆ ಅಂಟಿಸಿದ ಪಾಚಿ ಅಲ್ಲಿಗೆ ಸಲ್ಲದು. ಬೀಜಗಳಿಂದ ಪೋಣಿಸಿದ ಜಪಸರವನ್ನೂ, ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಗರಿಗಳ ಭಾನುವಾರದ ಒಣಗರಿಯನ್ನೂ ಮುಚ್ಚಿಡದೆ ಹೇಳಬೇಕು. ಹಣ್ಣು, ಮೊಟ್ಟೆ ತುಂಬಿದ್ದ ಹಳೆಯ ರಟ್ಟಿನ ಪೆಟ್ಟಿಗೆಗಳೂ ಬೇಡ. ಆ ದ್ವೀಪದ ರೈತನ ಹೊಲಕ್ಕೆ ನಮ್ಮ ಹುಳು ಹೋಗಬಾರದೆಂಬುದು ನ್ಯಾಯವಾದ ಬೇಡಿಕೆ. ಅಡಿಕೆಗೆ ರೋಗ ಬಂದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಣಗರಿಯನ್ನು ಕಸಕ್ಕೆ ಹಾಕಬೇಡಿ. ಆಶೀರ್ವದಿಸಿದ ವಸ್ತು ಖಾಸಗಿಯವರ ಕೈಯಲ್ಲಿದ್ದರೂ ಅದನ್ನು ಗೌರವದಿಂದ ಕಾಣಬೇಕೆಂದು ಧರ್ಮಸಭೆಯ ಕಾನೂನು ಸಂಹಿತೆಯ 1171ನೆಯ ವಿಧಿ ಹೇಳುತ್ತದೆ. ಸುಡಿ ಅಥವಾ ಹೂಳಿ, ಇಲ್ಲವೇ ವಿಭೂತಿ ಬುಧವಾರದ ಬೂದಿಗಾಗಿ ದೇವಾಲಯಕ್ಕೆ ತಂದುಕೊಡಿ.

ಮನೆಯ ಪೀಠದ ವಿಷಯ ಬಂದದ್ದರಿಂದ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರದ ಒಬ್ಬ ಯುವಕ ಪತ್ನಿ ಮಕ್ಕಳೊಡನೆ ಹೊರದೇಶಕ್ಕೆ ಹೊರಟಿದ್ದ. ತಾಯಿ ಇಲ್ಲಿಯೇ, ತಂಗಿಯ ಮನೆಗೆ ಹತ್ತಿರವಾಗಿ, ಹಳೆಯ ಮನೆಯಲ್ಲಿ ಉಳಿಯುವವರು. ಹಜಾರದ ಗೋಡೆಯಲ್ಲಿದ್ದ ಮರದ ಶಿಲುಬೆಯನ್ನು ತೆಗೆದುಕೊಂಡು ಹೋಗಬಹುದೇ ಎಂದು ಆತ ನನ್ನನ್ನು ಕೇಳಿದ. ಅಲ್ಲಿ ಮಕ್ಕಳ ವಿಶ್ವಾಸ ಉಳಿಯಬೇಕಲ್ಲ ಫಾದರ್ ಎಂದ. ನನಗೆ ಸಂತೋಷವಾಯಿತು. ಟಿವಿ, ಸೋಫಾ ಬಿಟ್ಟು ಶಿಲುಬೆ ಕೇಳುವ ಯುವಕರು ಎಷ್ಟು ಮಂದಿ? "ಖಂಡಿತ ತಗೊಂಡು ಹೋಗಪ್ಪ" ಎಂದೆ. ಲಾರಿ ಬಂದ ದಿನ ಪೆಟ್ಟಿಗೆಗಳ ಮೇಲೆ ತೀರ್ಥ ಪ್ರೋಕ್ಷಿಸಿದೆ. ತಾಯಿ ಬಾಗಿಲಲ್ಲಿ ನಿಂತಿದ್ದರು. ಏನೂ ಹೇಳಲಿಲ್ಲ.

ಮುಂದಿನ ತಿಂಗಳ ಮೊದಲ ಶುಕ್ರವಾರ ಅವರಿಗೆ ಪರಮಪ್ರಸಾದ ಕೊಂಡೊಯ್ದೆ. ಸುಣ್ಣದ ಗೋಡೆಯ ಮೇಲೆ ಶಿಲುಬೆಯಾಕಾರದ ಬಿಳಿ ಗುರುತು. ಸುತ್ತಲಿನ ಗೋಡೆ ದೀಪದ ಹೊಗೆಗೆ ಮಾಸಿತ್ತು. ಅದರ ಕೆಳಗೆ ಎಂದಿನ ಜಾಗದಲ್ಲೇ ಮೇಣದ ಬತ್ತಿ ಉರಿಯುತ್ತಿತ್ತು. ಗಂಡ ತೀರಿಕೊಂಡ ರಾತ್ರಿ ಅವರ ಕೈಗೆ ಕೊಟ್ಟದ್ದು ಆ ಶಿಲುಬೆಯನ್ನೇ ಎಂದು ಆ ದಿನ ನನಗೆ ತಿಳಿಯಿತು. ಮಗನಿಗೂ ತಿಳಿದಿರಲಿಲ್ಲ, ಆಗ ಅವನು ಬೆಂಗಳೂರಿನಲ್ಲಿ ಓದುತ್ತಿದ್ದ. ನಾನು ತಡವರಿಸಿದೆ. "ಮೊದಲೇ ಹೇಳಬೇಕಿತ್ತಲ್ಲಮ್ಮ" ಎಂದುಬಿಟ್ಟೆ. ಆ ತಾಯಿ ಹೇಳಿದರು: "ನೀವು ಹೇಳಿದ ಮೇಲೆ ಮುಗೀತಲ್ಲ ಫಾದರ್. ಹೋಗಲಿ ಬಿಡಿ, ಮಕ್ಕಳಿಗೆ ಬೇಕು. ಕೇಳಿದ್ದಿದ್ದರೆ ನಾನೇ ಕೊಡ್ತಿದ್ದೆ. ಕೇಳಲಿಲ್ಲ, ಅಷ್ಟೇ."

ಸೆಮಿನರಿಯಲ್ಲಿ ನಮಗೆ ಸಂತ ತೋಮಸ್ ಅಕ್ವಿನಾಸರ ಪಾಠದಲ್ಲಿ ಒಡೆತನ ಬೇರೆ, ಬಳಕೆ ಬೇರೆ ಎಂದು ಕಲಿಸಿದ್ದರು. ವಸ್ತುವನ್ನು ಸಂಪಾದಿಸಿ ನೋಡಿಕೊಳ್ಳುವ ಅಧಿಕಾರ ಒಬ್ಬನದಾಗಿರಬಹುದು. ಬಳಸುವಾಗ ಮಾತ್ರ ಅದು ಎಲ್ಲರದೂ ಎಂಬಂತೆ, ಅವಶ್ಯವಿರುವವರೊಡನೆ ಹಂಚಿಕೊಳ್ಳಲು ಸಿದ್ಧನಾಗಿರಬೇಕು ಎಂದು. ಪರೀಕ್ಷೆಯಲ್ಲಿ ಅದನ್ನು ಚೆನ್ನಾಗಿಯೇ ಬರೆದಿದ್ದೆ. ಶಿಲುಬೆ ಯಾರದೆಂದು ಕೇಳಿದ್ದರೆ ಹಿರಿಯ ಮಗನದೆಂದು ನಾನೇ ತೀರ್ಪು ಕೊಡುತ್ತಿದ್ದೆನೇನೋ. ಪ್ರತಿ ಸಂಜೆ ಅದರೆದುರು ಮೊಣಕಾಲೂರುವವರು ಯಾರೆಂದು ಕೇಳಲು ಮರೆತೆ. ಬದಲಿಗೆ ಹೊಸದೊಂದು ಶಿಲುಬೆ ತಂದು ಕೊಡಲು ಹೋದೆ. "ಇರಲಿ ಫಾದರ್, ಸದ್ಯಕ್ಕೆ ಬೇಡ" ಎಂದರು. ಅದು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ.

ಸಮುದ್ರದ ವಿಷಯಕ್ಕೆ ಮರಳುತ್ತೇನೆ. ವಿಮೆ ಬೇಕೇ ಎಂದು ಕೇಳುವವರಿಗೆ, ಬೇಕು ಎನ್ನುತ್ತೇನೆ. ನೀವೇ ತುಂಬಿದ ಪೆಟ್ಟಿಗೆಯೊಳಗೆ ಒಡೆದ ಪಿಂಗಾಣಿಗೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ, ಕಂಪನಿಯವರು ತುಂಬಿದ್ದಾದರೆ ಸಿಗುತ್ತದೆ. ಇದನ್ನು ಮೊದಲೇ ಬರಹದಲ್ಲಿ ಕೇಳಿ. ವಿಮೆ ಬೇಕೆನ್ನಲು ಇನ್ನೊಂದು ಕಾರಣವೂ ಇದೆ. ಯೋನನ ಹಡಗಿನವರು ಬಿರುಗಾಳಿಗೆ ಹೆದರಿ ಸರಕನ್ನು ಸಮುದ್ರಕ್ಕೆ ಎಸೆದರು. ಸಂತ ಪೌಲರು ಸೆರೆಯಾಳಾಗಿ ರೋಮಿಗೆ ಹೋಗುತ್ತಿದ್ದ ಹಡಗಿನಲ್ಲೂ, ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯದ ಪ್ರಕಾರ, ಮೊದಲು ಸರಕು, ಆಮೇಲೆ ಹಡಗಿನ ಸಲಕರಣೆ, ಕೊನೆಗೆ ಗೋಧಿಯನ್ನೂ ನೀರಿಗೆ ಚೆಲ್ಲಿದರು. ಹಾಗೆ ಎಲ್ಲರ ಉಳಿವಿಗಾಗಿ ಒಬ್ಬನ ಸರಕನ್ನು ಎಸೆದರೆ ನಷ್ಟವನ್ನು ಉಳಿದವರೆಲ್ಲ ತಮ್ಮ ಸರಕಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕೆಂಬುದು ಗ್ರೀಸಿನ ರೋಡ್ಸ್ ದ್ವೀಪದ ಹೆಸರಿನಲ್ಲಿ ರೋಮನ್ ಕಾನೂನಿಗೆ ಬಂದ ನಿಯಮ. ಅದು ಇಂದಿಗೂ ಜೀವಂತ. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಎಂಬ ಹಡಗು ಸೂಯೆಜ್ ಕಾಲುವೆಯಲ್ಲಿ ಆರು ದಿನ ಅಡ್ಡ ಸಿಕ್ಕಿಕೊಂಡದ್ದು ನೆನಪಿರಬಹುದು. ಅದನ್ನು ಬಿಡಿಸಿದ ಖರ್ಚಿಗೆ ಅದರಲ್ಲಿ ಸರಕಿದ್ದವರೆಲ್ಲ ಪಾಲು ಕೊಡಬೇಕೆಂದು ಹಡಗಿನ ಮಾಲೀಕರು ಘೋಷಿಸಿದರು. ಇಂಥ ಸಂದರ್ಭದಲ್ಲಿ ವಿಮೆ ಇದ್ದವರ ಪರವಾಗಿ ವಿಮಾ ಕಂಪನಿ ಹೊಣೆ ಬರೆದುಕೊಡುತ್ತದೆ. ಇಲ್ಲದವರು ಕೈಯಿಂದ ಠೇವಣಿ ಇಟ್ಟಲ್ಲದೆ ಸಾಮಾನು ಕೈಗೆ ಬರುವುದಿಲ್ಲ. ಅನ್ಯಾಯವೆಂದು ಕೆಲವರಿಗೆ ಅನಿಸುತ್ತದೆ. ನನಗೇನೋ ಇದು ಮನುಷ್ಯರು ಮಾಡಿದ ಕಾನೂನುಗಳಲ್ಲಿ ಶುಭಸಂದೇಶಕ್ಕೆ ಬಹಳ ಹತ್ತಿರವಾದ ಒಂದು ಎಂದು ತೋರುತ್ತದೆ.

ಕೆಲವೊಮ್ಮೆ ಪಟ್ಟಿ ಬರೆಯಲು ಸಮಯವೇ ಇರುವುದಿಲ್ಲ. 1990ರ ಆಗಸ್ಟ್ 2ರಂದು ಇರಾಕ್ ಸೈನ್ಯ ಕುವೈತಿಗೆ ನುಗ್ಗಿದಾಗ ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳು ಅಲ್ಲಿದ್ದವು. ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಜೋರ್ಡನಿನ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು ಹೊತ್ತು ತಂದವು. ಮನೆ, ಫ್ರಿಜ್ಜು, ಕಾರು, ಮದುವೆಯ ಆಲ್ಬಮ್ ಎಲ್ಲ ಅಲ್ಲೇ. 1991ರಲ್ಲಿ ವಿಶ್ವಸಂಸ್ಥೆ ಪರಿಹಾರ ಆಯೋಗವನ್ನು ರಚಿಸಿದ ಮೇಲೆ, ಬಿಟ್ಟುಬಂದ ಸಾಮಾನಿಗೂ ಅರ್ಜಿ ಹಾಕುವ ಅವಕಾಶ ಬಂತು. ಆ ಆಯೋಗ ಕೊನೆಯ ಕಂತು ಪಾವತಿಸಿದ್ದು 2022ರ ಜನವರಿಯಲ್ಲಿ. ಅರ್ಜಿ ತುಂಬಿದವರು ಕಣ್ಣುಮುಚ್ಚಿ ಅಡಿಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಮಲಗುವ ಕೋಣೆಗೆ ನಡೆದು, ಇದ್ದದ್ದನ್ನೆಲ್ಲ ನೆನಪಿನಿಂದಲೇ ಬರೆಯಬೇಕಾಯಿತು. ಹಡಗಿಗೆ ಸಾಮಾನು ಹಾಕುವ ಮುನ್ನ ನೀವೂ ಹೀಗೊಮ್ಮೆ ಮಾಡಿ ನೋಡಿ. ಒಂದು ಸಂಜೆ ಜಪಸರದ ನಂತರ ಮನೆಮಂದಿಯೆಲ್ಲ ಬೇರೆಬೇರೆ ಹಾಳೆಯಲ್ಲಿ, ಕಣ್ಣುಮುಚ್ಚಿ ಮನೆಯೊಳಗೆ ನಡೆದು, ಕಂಡದ್ದನ್ನು ಬರೆಯಿರಿ. ಮಕ್ಕಳೂ ಬರೆಯಲಿ. ಅಜ್ಜಿಗೆ ಬರೆಯಲು ಬಾರದಿದ್ದರೆ ಮೊಮ್ಮಗಳು ಕೇಳಿ ಬರೆದುಕೊಳ್ಳಲಿ. ಒಬ್ಬರ ಹಾಳೆಯಲ್ಲಿ ಇದ್ದು ಇನ್ನೊಬ್ಬರ ಹಾಳೆಯಲ್ಲಿ ಇಲ್ಲದ್ದರ ಬಗ್ಗೆಯೇ ಮಾತಾಡಬೇಕಾದದ್ದು ಬಹಳ ಇರುತ್ತದೆ.

ಉಳಿಯುವ ಸಾಮಾನಿಗೂ ಒಂದು ಪಟ್ಟಿ ಬೇಕು. ಹೊಲಿಗೆ ಯಂತ್ರ ಯಾರಿಗೆ, ಅಕ್ಕಿಯ ಕಣಜ ಯಾರಿಗೆ, ಅಪ್ಪನ ಕೋಟು ಎಲ್ಲಿರಬೇಕು ಎಂದು. ವೃದ್ಧಾಪ್ಯದಲ್ಲಿ ಸೆರೆಮನೆಯಿಂದ ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯವನ್ನು ಓದಿ. ತ್ರೋವದಲ್ಲಿ ಕಾರ್ಪನ ಬಳಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತರಬೇಕೆಂದು ಬೇಡುತ್ತಾರೆ. ಚಳಿಗಾಲಕ್ಕೆ ಮೊದಲೇ ಬಂದುಬಿಡು ಎನ್ನುತ್ತಾರೆ. ಅಷ್ಟು ಊರು ತಿರುಗಿದ ಪ್ರೇಷಿತರಿಗೂ ಒಂದು ಅಂಗಿ ಬೇಕೆನಿಸಿತು, ಅದು ಯಾರ ಮನೆಯಲ್ಲಿದೆ ಎಂಬುದೂ ನೆನಪಿತ್ತು. ಕಾರ್ಪನ ಹೆಸರು ಪವಿತ್ರ ಗ್ರಂಥದಲ್ಲಿ ಬರುವುದು ಈ ಒಂದೇ ಕಡೆ. ನಮ್ಮ ಊರುಗಳಲ್ಲಿ ಈಗ ಇಂಥ ಕಾರ್ಪರು ತುಂಬ ಇದ್ದಾರೆ, ಬಾಗಿಲಿಗೆ ಚಿಲಕ ಹಾಕಿ ಸಂಜೆ ದೀಪ ಹಚ್ಚುವವರು. ತಮ್ಮ ಬಳಿ ಏನೇನು ಉಳಿದಿದೆ, ಅದರಲ್ಲಿ ಯಾವುದು ತಮ್ಮದು, ಯಾವುದನ್ನು ಕಾಯುತ್ತಿದ್ದೇವೆ ಎಂದು ಅವರಿಗೆ ಸ್ಪಷ್ಟವಾಗಿ ತಿಳಿದಿರಬೇಕು.

ಪಟ್ಟಿಯ ಒಂದು ಪ್ರತಿ ಪ್ಯಾಕಿಂಗ್ ಕಂಪನಿಗೆ, ಒಂದು ನಿಮ್ಮ ಕೈಚೀಲಕ್ಕೆ, ಒಂದು ಊರಿನ ಮನೆಗೆ. ಪಾಸ್‌ಪೋರ್ಟ್, ವಿವಾಹದ ಮತ್ತು ಜ್ಞಾನಸ್ನಾನದ ಪತ್ರಗಳು, ಮಕ್ಕಳ ಲಸಿಕೆಯ ಚೀಟಿ, ಅಂಕಪಟ್ಟಿ ಯಾವುದನ್ನೂ ಹಡಗಿನ ಪೆಟ್ಟಿಗೆಗೆ ಹಾಕಬೇಡಿ. ಒಡವೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ಆದಿಕಾಂಡದ 45ನೆಯ ಅಧ್ಯಾಯವನ್ನು ಹೊರಡುವವರೂ ಉಳಿಯುವವರೂ ಒಟ್ಟಿಗೆ ಕುಳಿತು ಓದಿ. ಆಶೀರ್ವಾದಕ್ಕೆ ಕರೆದರೆ ನಿಮ್ಮ ಗುರುಗಳು ಖಂಡಿತ ಬರುತ್ತಾರೆ. ಆದರೆ ಲಾರಿ ಬಂದು ನಿಂತ ದಿನ ಕರೆಯಬೇಡಿ. ಎರಡು ವಾರ ಮೊದಲೇ, ಪೆಟ್ಟಿಗೆಗೆ ಟೇಪು ಹಚ್ಚುವ ಮುನ್ನ, ಗೋಡೆಯ ಮೇಲಿನದೆಲ್ಲ ಇನ್ನೂ ಗೋಡೆಯ ಮೇಲೆಯೇ ಇರುವಾಗ ಕರೆಯಿರಿ.